ಕಿಳ್ಳೇಕ್ಯಾತನಿಗೆ ಯಾವ ಸರ್ಟಿಫಿಕೇಟು?

2024ರ ಆಗಸ್ಟ್. ಹೊಸಪೇಟೆಯಲ್ಲಿ ಬಾಯಿ ತೆರೆದವರೆಲ್ಲ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಮಾತೇ ಆಡುತ್ತಿದ್ದ ದಿನಗಳು. ಚೈನು ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಎಪ್ಪತ್ತು ದಾಟಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು, ಭೋರ್ಗರೆಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದಲ್ಲಿ ಹೊಳೆಗೆ ಲಗಾಮು ಹಾಕಿದರು. ವಗ್ಗರಣಿ-ಮಿರ್ಚಿ ಅಂಗಡಿ ಮುಂದೆ ನಿಂತು ಅಕ್ಕನ ಮಗನಿಗೆ ಹೇಳಿದೆ: "ನೋಡಪ್ಪ, ಸೂಪರ್ ಹೀರೋ ಅಂದ್ರ ಇವರು."

ಮಿರ್ಚಿಯ ತೊಟ್ಟು ಕಿತ್ತು ಬಿಸಾಕಿ ಹುಡುಗ ಅಂದ: "ಹೌದು ಮಾಮ. ಆದ್ರ ಅವರು ಯಾರಿಗೂ ಬೈಯಂಗಿಲ್ಲಲ್ಲ?"

ಹುಡುಗನಿಗೆ ಹದಿಮೂರು, ಎಂಟನೇ ಕ್ಲಾಸು. ಅವನು ನನ್ನ ಜೊತೆ ಬಂದ ಉದ್ದೇಶ ಬೇರೆಯೇ ಇತ್ತು. 'ಡೆಡ್‌ಪೂಲ್ ಆ್ಯಂಡ್ ವೊಲ್ವರಿನ್' ಬಿಡುಗಡೆಯಾಗಿ ಎರಡು ವಾರ ದಾಟಿದೆ, ಅವನಿಗೆ ತೋರಿಸಬೇಕು. ಅದು 'ಎ' ಸಿನಿಮಾ ಅಂದೆ. "ನೀನು ಬಾಜು ಕುಂದ್ರು" ಅಂದ. ಅಕ್ಕ ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಮೊದಲು ನೀನು ನೋಡು. ಚೊಲೋ ಇದ್ರ ಆಮೇಲೆ ನೋಡೋಣ."

ಹೀಗೆ ನಾನು ಒಂದು ರಾತ್ರಿಯ ಮಟ್ಟಿಗೆ ಸೆನ್ಸಾರ್ ಮಂಡಳಿಯಾದೆ. ಹೊಸದಕ್ಕಿಂತ ಮೊದಲು ಡೆಡ್‌ಪೂಲನ ಪರಿಚಯವಾಗಲೆಂದು 2016ರ ಮೊದಲನೇ ಭಾಗವನ್ನು ಮನೆಯಲ್ಲೇ, ಬಾಗಿಲು ಹಾಕಿಕೊಂಡು, ಟಿವಿಯ ದನಿ ತಗ್ಗಿಸಿ ನೋಡಿದೆ. ಐವತ್ತರ ಗಂಡಸು ಕಳ್ಳಬೆಕ್ಕಿನ ಹಾಗೆ ಕುಳಿತ ಭಂಗಿಯೇ ಆ ಚಿತ್ರಕ್ಕೆ ಸಿಕ್ಕ ಸರ್ಟಿಫಿಕೇಟು.

ಕಥೆ ಇಷ್ಟೇ. ವೇಡ್ ವಿಲ್ಸನ್ ಎಂಬೊಬ್ಬ ಬಾಡಿಗೆ ಬಂಟ. ಅವನಿಗೊಬ್ಬ ಪ್ರೇಯಸಿ, ಜೊತೆಗೆ ಕ್ಯಾನ್ಸರ್. ವಾಸಿ ಮಾಡುತ್ತೇವೆಂದು ಕರೆದೊಯ್ದವರು ಚಿತ್ರಹಿಂಸೆ ಕೊಟ್ಟು, ಮುಖ ಕೆಡಿಸಿ, ಸಾಯದವನನ್ನಾಗಿ ಮಾಡುತ್ತಾರೆ. ಕೈ ಕಡಿದರೆ ನುಗ್ಗೆಗಿಡದ ಹಾಗೆ ಮತ್ತೆ ಚಿಗುರುತ್ತದೆ. ಅವನು ಕೆಂಪು ಮುಸುಕು ಹಾಕಿಕೊಂಡು ಡೆಡ್‌ಪೂಲ್ ಆಗಿ ಸೇಡಿಗೆ ಹೊರಡುತ್ತಾನೆ. ಕತ್ತಿಗಿಂತ ನಾಲಿಗೆ ಹರಿತ. ಬೈಗುಳ, ಪೋಲಿ ಮಾತು, ರಕ್ತ, ಎಲ್ಲವೂ ಧಾರಾಳ. ನಡುನಡುವೆ ಕಥೆ ನಿಲ್ಲಿಸಿ, ಕ್ಯಾಮೆರಾ ಕಡೆ ತಿರುಗಿ, ನೋಡುವವರ ಜೊತೆಗೇ ಹರಟುತ್ತಾನೆ. ತನ್ನ ಸಿನಿಮಾವನ್ನು ತಾನೇ ಗೇಲಿ ಮಾಡುತ್ತಾನೆ.

ಹೊಸದೇನೋ ಕಂಡವರ ಹಾಗೆ ಜಗತ್ತು ಇದಕ್ಕೆ ಚಪ್ಪಾಳೆ ತಟ್ಟಿತು. ನನಗೆ ಮಾತ್ರ, ಈ ಪುಣ್ಯಾತ್ಮನನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ತೊಗಲುಗೊಂಬೆ ಆಟದ ಕಿಳ್ಳೇಕ್ಯಾತ! ಕಪ್ಪು ಮೈ, ಡೊಳ್ಳು ಹೊಟ್ಟೆ, ದಪ್ಪ ತುಟಿ, ಪಕ್ಕದಲ್ಲಿ ಹೆಂಡತಿ ಬಂಗಾರಕ್ಕ. ಗಣಪತಿ ಸರಸ್ವತಿಯರ ಸ್ತುತಿ ಮುಗಿದು ಜನ ಕೈಮುಗಿದು ಕುಳಿತಿರುವಾಗ ಪರದೆಗೆ ನುಗ್ಗುತ್ತಾನೆ. ರಾಮಾಯಣವನ್ನು ತಡೆದು ಗೌಡರ ಹೊಟ್ಟೆಯ ಬಗ್ಗೆ ಮಾತಾಡುತ್ತಾನೆ. ಆಡುವ ಮಾತು ಬರೆದರೆ ಸಂಪಾದಕರು ಮನೆಗೆ ಕಳಿಸುತ್ತಾರೆ. ಇಂಥ ಆಟವನ್ನೇ ಬದುಕಿಡೀ ಆಡಿಸಿದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅದೇ ಸರ್ಕಾರದ ಮಂಡಳಿ ಡೆಡ್‌ಪೂಲನ ಮೂರೂ ಚಿತ್ರಗಳಿಗೆ 'ಎ' ಕೊಟ್ಟಿದೆ. ಯಾರ್ಯಾರಿಗೆ ಏನೇನು ಸಲ್ಲಬೇಕೋ!

ನಮ್ಮ ಸೀಮೆಯೇ ಹಾಗೆ ನೋಡಿ, ಸರ್ಟಿಫಿಕೇಟ್ ಕೊಡಲು ಕುಳಿತರೆ ಮಂಡಳಿಯವರ ಪೆನ್ನಿನ ಮಸಿ ಖಾಲಿಯಾದೀತು. ಹೊಳೆಯಾಚೆ ಆನೆಗೊಂದಿಯ ಕಡೆ ಹೋಗಿ, ಅದು ಕಿಷ್ಕಿಂಧೆ. ಅಣ್ಣ ತಮ್ಮನ ಹೆಂಡತಿಯನ್ನು ಇಟ್ಟುಕೊಂಡ, ದೇವರು ಮರೆಯಲ್ಲಿ ನಿಂತು ಬಾಣ ಬಿಟ್ಟ, ರಾಜ್ಯ ಸಿಕ್ಕ ಮೇಲೆ ತಮ್ಮ ಕುಡಿದು ಕೊಟ್ಟ ಮಾತು ಮರೆತ. ರಾಮ ಮಾಲ್ಯವಂತದ ಮೇಲೆ ಮಳೆಗಾಲವಿಡೀ ಕಾದ. ಹಂಪಿಗೆ ಬನ್ನಿ, ಕಾಳಿಯ ಸಾವಿರ ಮುಖ ಕಂಡು 'ನೆಗಡಿಯಾದರೆ ಎರಡು ಕೈ ಸಾಲುತ್ತಾವೇನವ್ವ?' ಎಂದು ನಕ್ಕ ತೆನಾಲಿ ರಾಮ ಇಲ್ಲಿನ ಆಸ್ಥಾನದವನೇ. ಸಂಡೂರಿಗೆ ಹೋದರೆ ಕುಮಾರಸ್ವಾಮಿ ಅಪ್ಪ-ಅಮ್ಮನ ಮೇಲೆ ಮುನಿಸಿಕೊಂಡು ಕ್ರೌಂಚಗಿರಿ ಸೇರಿದ್ದಾನೆ. ಎಂಟನೇ ಕ್ಲಾಸಿನ ಹುಡುಗರಿಗೆ ತೋರಿಸಲೇಬಾರದ ಉದಾಹರಣೆ! ಇನ್ನು ವಿರೂಪಾಕ್ಷ ಗುಡಿಯ ಗೋಪುರದಲ್ಲಿ ಕೆಲವು ಬೊಂಬೆಗಳಿವೆ. ಶಾಲಾ ಪ್ರವಾಸದ ಮಕ್ಕಳು ಕತ್ತೆತ್ತಿದ ಕೂಡಲೇ ಮೇಷ್ಟ್ರಿಗೆ ಊಟದ ಹೊತ್ತು ನೆನಪಾಗುತ್ತದೆ.

ಕಂಪ್ಲಿಯದೇ ಒಂದು ತೂಕ. ನಮ್ಮ ಅಜ್ಜಿ ಕಂಪ್ಲಿಯವಳು. ರಾತ್ರಿ ಮಾಳಿಗೆ ಮೇಲೆ ಮಲಗಿಸಿಕೊಂಡು ಗಂಡುಗಲಿ ಕುಮಾರರಾಮನ ಕಥೆ ಹೇಳುತ್ತಿದ್ದಳು. ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿತ್ತು. ತರಲು ಹೋದ. "ಆಮೇಲೆ ಅಜ್ಜಿ?" "ಆಕಿ ಚೆಂಡು ಕೊಡಲಿಲ್ಲ. ಜಗಳಾತು. ಆಕಿ ರಾಜನ ಹತ್ರ ಚಾಡಿ ಹೇಳಿದಳು. ರಾಜ ತಲಿ ತೆಗೀರಿ ಅಂದ." ಒಂದು ಚೆಂಡಿಗೆ ತಲೆ! ಎಂಥ ಕಾಲವಪ್ಪ ಅಂತ ಹೆದರಿ ಹೊದಿಕೆ ಎಳೆದುಕೊಳ್ಳುತ್ತಿದ್ದೆ. ರತ್ನಾಜಿ ಕೇಳಿದ್ದು ಚೆಂಡಲ್ಲ, ಚೆಂಡಾಡುವವನನ್ನೇ ಎಂದೂ, ಪರನಾರಿ ಸಹೋದರ ಎಂಬ ಬಿರುದು ಸುಮ್ಮನೆ ಬಂದದ್ದಲ್ಲವೆಂದೂ ಗೊತ್ತಾಗಿದ್ದು ಕಾಲೇಜು ಸೇರಿದ ಮೇಲೆ.

ಅಜ್ಜಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಗೊತ್ತಿರಲಿಲ್ಲ. ಆದರೆ ಅದೇ ಕಥೆಯನ್ನು ಅಂಗಳದಲ್ಲಿ ವಾರಿಗೆಯವರಿಗೆ ಹೇಳುವಾಗ ಪೂರಾ ಹೇಳಿ, ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಒಂದೇ ಕಥೆ, ಎರಡು ಸರ್ಟಿಫಿಕೇಟು. ಸರ್ಕಾರ ಈಗ ಯುಎ ಎಂಬುದನ್ನು 7, 13, 16 ಎಂದು ಮೂರು ಪಾಲು ಮಾಡಿದೆ. ಅಜ್ಜಿಯ ಬಳಿ ಮೊಮ್ಮಕ್ಕಳೆಷ್ಟೋ ಅಷ್ಟು ಪಾಲಿದ್ದವು.

ಅಮೆರಿಕದಲ್ಲಿ ಡೆಡ್‌ಪೂಲನಿಗೆ 'ಆರ್' ದರ್ಜೆ. ಹದಿನೇಳು ತುಂಬದವರು ದೊಡ್ಡವರ ಜೊತೆ ಬಂದರೆ ನೋಡಬಹುದು. ನಮ್ಮ 'ಎ' ಅಂದರೆ ಅಪ್ಪನ ಕೈ ಹಿಡಿದು ಬಂದರೂ ಹದಿನೆಂಟರೊಳಗಿನವರಿಗೆ ಬಾಗಿಲಿಲ್ಲ. ಆದರೆ 'ಕೆಜಿಎಫ್ ಚಾಪ್ಟರ್ 2'ರಲ್ಲಿ ರಾಕಿ ಪೊಲೀಸ್ ಠಾಣೆಯನ್ನು ಮಷಿನ್‌ಗನ್ನಿನಿಂದ ಚಿಂದಿ ಮಾಡಿ, ಕೆಂಪಗೆ ಕಾದ ನಳಿಕೆಯಲ್ಲೇ ಸಿಗರೇಟು ಹಚ್ಚಿಕೊಂಡಾಗ ಮಂಡಳಿ ಯು/ಎ ಅಂದಿತು. ಗುಂಡು ಹಾರಿಸಿ ಪರವಾಗಿಲ್ಲ, ಬಾಯಿ ಮಾತ್ರ ಬಿಗಿ ಇರಲಿ!

ಡೆಡ್‌ಪೂಲಿನವರಿಗೂ ಒಮ್ಮೆ ಮಕ್ಕಳ ನೆನಪಾಯಿತು. 2018ರ ಎರಡನೇ ಭಾಗವನ್ನು ಅದೇ ವರ್ಷದ ಡಿಸೆಂಬರಿನಲ್ಲಿ ತೊಳೆದು ಬಳಿದು 'ಒನ್ಸ್ ಅಪಾನ್ ಎ ಡೆಡ್‌ಪೂಲ್' ಎಂದು ಮತ್ತೆ ಬಿಟ್ಟರು. ಬರೀ ಕತ್ತರಿ ಆಡಿಸಿದರೆ ಆಗಲಿಲ್ಲ. ನಟ ಫ್ರೆಡ್ ಸ್ಯಾವೇಜನನ್ನು ಎತ್ತಿಕೊಂಡು ಬಂದು, ಹಾಸಿಗೆಗೆ ಕಟ್ಟಿಹಾಕಿ, ಡೆಡ್‌ಪೂಲ್ ಅವನಿಗೆ ಕಥೆ ಹೇಳುತ್ತಾನೆ. ಅವನು ನಡುನಡುವೆ ತಕರಾರು ತೆಗೆಯುತ್ತಾನೆ. ಅಲ್ಲಿಗೆ ಬಂತಲ್ಲ! ಮಕ್ಕಳ ಆವೃತ್ತಿ ಬೇಕೆಂದಾಗ ಹಾಲಿವುಡ್ಡಿಗೂ ಹೊಳೆದದ್ದು ಹಾಸಿಗೆ, ಕಥೆ ಮತ್ತು 'ಆಮೇಲೆ?' ಅನ್ನುವ ಒಬ್ಬ.

ಕಿಳ್ಳೇಕ್ಯಾತನಿಗೂ ಡೆಡ್‌ಪೂಲನಿಗೂ ಇರುವ ವ್ಯತ್ಯಾಸ ಇದೇ. ಇಬ್ಬರೂ ನಮ್ಮ ಕಡೆ ತಿರುಗಿ ಮಾತಾಡುತ್ತಾರೆ. ಆದರೆ ಗೊಂಬೆ ಆಡಿಸುವವನಿಗೆ ಮುಂದಿನ ಸಾಲಿನಲ್ಲಿ ಕುಳಿತ ಚಳ್ಳೆಪಿಳ್ಳೆಗಳ ಗಲಾಟೆ ಕೇಳುತ್ತದೆ. ಅವು ನಿದ್ದೆ ಹೋಗುವ ತನಕ ಪೋಲಿ ಮಾತನ್ನು ತಡೆದಿಟ್ಟುಕೊಂಡಿರುತ್ತಾನೆ. ಡೆಡ್‌ಪೂಲ್ ನೇರ ಕಣ್ಣಲ್ಲಿ ಕಣ್ಣಿಟ್ಟು ಹರಟುತ್ತಾನೆ, ಎದುರಿಗಿರುವುದು ಎಂಟನೇ ಕ್ಲಾಸೋ ಎಂಬತ್ತರ ಅಜ್ಜಿಯೋ ಅವನಿಗೆ ಕಾಣದು. ಅದಕ್ಕೇ ನನ್ನ ಮಂಡಳಿಯ ತೀರ್ಪು: 'ಎ' ಸರಿಯಾಗಿಯೇ ಇದೆ. ಹದಿಮೂರಕ್ಕೆ ಬೇಡ.

ಮಾರನೇ ದಿನ ಹುಡುಗನನ್ನು ಕೂರಿಸಿಕೊಂಡು, ಸಿನಿಮಾ ಬದಲು ನಾನೇ ಕಥೆ ಹೇಳುತ್ತೇನೆ ಅಂದೆ. ಪೀಠಿಕೆಗೆ ಅಜ್ಜಿಯ ಚೆಂಡಿನ ಪ್ರಸಂಗ ಹೇಳಿದೆ, ಬಿದ್ದು ಬಿದ್ದು ನಕ್ಕ. ಆಮೇಲೆ ಡೆಡ್‌ಪೂಲ್. "ವೇಡ್ ಮತ್ತೆ ಆ ಹುಡುಗಿ ಸ್ನೇಹಿತರಾದರು. ಒಂದು ವರ್ಷ ಎಲ್ಲಾ ಹಬ್ಬ ಜೊತೆಗೇ ಮಾಡಿದರು..."

"ಮಾಮ," ಅಂದ ಹುಡುಗ, ನನ್ನ ಭುಜದ ಮೇಲೆ ಕೈಯಿಟ್ಟು, ಸಮಾಧಾನ ಹೇಳುವವನ ಹಾಗೆ. "ಆ ಹಬ್ಬ ಎಲ್ಲಾ ನಾನು ನೋಡೀನಿ. ಗೆಳೆಯನ ಫೋನಿನಾಗ."

ನನಗೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಅಕ್ಕ ಚಹಾ ಹಿಡಿದು ಬಂದಳು. "ಏನಂತೋ ಆ ಸಿನಿಮಾದ ಕಥಿ?"

ನಾನು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಹುಡುಗ ಹೇಳಿದ: "ಏನಿಲ್ಲಮ್ಮ. ಚೆಂಡು ಕೊಡಲಿಲ್ಲಂತ ಜಗಳ."