ಜೀರ್ಣಖ್ಯಾತಿಶಾಸ್ತ್ರ ಪ್ರವೇಶಿಕೆ

ಕಾಲ್ಚೆಂಡಿನ ತರಬೇತುದಾರನಿಗೆ ‘ಹಳೇ ಕಾಲದವ’ ಎಂಬ ಖ್ಯಾತಿ ಹೇಗೆ ಅಂಟುತ್ತದೆ, ಅಂಟಿದ್ದು ನ್ಯಾಯವೇ ಎಂಬುದನ್ನು ವಿಚಾರಿಸುವ ಶಾಸ್ತ್ರವು ಇದುವರೆಗೆ ಇರಲಿಲ್ಲ. ಈಗ ಇದೆ. ಲಕ್ಷಣ: ಬಳಕೆಯಲ್ಲಿರುವಾಗಲೇ ಕಾಲ ಮೀರಿದಂತೆ ತೋರುವುದು ಜೀರ್ಣತ್ವ. ‘ಬಳಕೆಯಲ್ಲಿರುವಾಗಲೇ’ ಎಂಬ ವಿಶೇಷಣವನ್ನು ಕೈಬಿಟ್ಟರೆ ಅಕ್ಕಲಕೋಟೆ ಅರಮನೆಯ ಶಸ್ತ್ರಾಗಾರದ ಕತ್ತಿಗಳಿಗೂ ಲಕ್ಷಣ ತಗುಲಿ ಅತಿವ್ಯಾಪ್ತಿದೋಷ ಬರುತ್ತದೆ. ‘ಕಾಲ್ಚೆಂಡಿನ’ ಎಂಬುದನ್ನು ಬಿಟ್ಟರೂ ಅದೇ ದೋಷ: 1926ರಲ್ಲಿ ಜನಿಸಿ ಸೊಲ್ಲಾಪುರದಲ್ಲಿ ಬೆಳೆದ ಕ್ರಿಕೆಟಿಗ ಪಾಲಿ ಉಮ್ರಿಗರ್ ಕೂಡ ಭಾರತ ತಂಡದ ಮ್ಯಾನೇಜರ್ ಆಗಿದ್ದವರೇ. ಆದರೆ ಅವರ ಚೆಂಡು ಕಾಲಿಗೆ ತಗುಲಿದರೆ ಔಟಾಗುವ ಸಂಭವವುಳ್ಳ ಜಾತಿಯದಾದ್ದರಿಂದ ಪ್ರಕೃತ ಶಾಸ್ತ್ರಕ್ಕೆ ಬಾಹ್ಯರು.

ಜೀರ್ಣತ್ವವು ಚತುರ್ವಿಧ: 1. ವೇಷಜನ್ಯ, 2. ವಾಗ್ಜನ್ಯ, 3. ವ್ಯೂಹಜನ್ಯ, 4. ಉಡ್ಡಯನಜನ್ಯ. ಮೊದಲೆರಡು ಟ್ರ್ಯಾಕ್‌ಸೂಟಿಗೂ ಗಂಟಲಿಗೂ ಸಂಬಂಧಿಸಿದವು. ಮೂರನೆಯದು ನಾಲ್ಕು-ನಾಲ್ಕು-ಎರಡೆಂಬ ವ್ಯೂಹವನ್ನು ಬಿಡದಿರುವುದು. ನಾಲ್ಕನೆಯದೇ ಪ್ರಧಾನ: ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ, ಮಧ್ಯದವರ ತಲೆಯ ಮೇಲಿಂದ ಚೆಂಡನ್ನು ಹಾರಿಸುವುದು.

ಉಡ್ಡಯನ ಪುನಃ ತ್ರಿವಿಧ: ಸಂಕಲ್ಪಪೂರ್ವಕ, ಭೀತಿಪೂರ್ವಕ, ಪ್ರೇಕ್ಷಕಪ್ರೇರಿತ. ಮೂರನೆಯದು ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗಿನ ಯಾವುದೇ ಶಾಲಾ ಮೈದಾನದಲ್ಲಿ ಪ್ರತ್ಯಕ್ಷಪ್ರಮಾಣಸಿದ್ಧ. ಗೆರೆಯಾಚೆಯ ಹಿರಿಯರೊಬ್ಬರು ‘ಮ್ಯಾಲ ಹೊಡಿಯೋ, ಮ್ಯಾಲ!’ ಎನ್ನುತ್ತಾರೆ. ಹುಡುಗ ಹೊಡೆಯುತ್ತಾನೆ. ಚೆಂಡು ಎದುರಾಳಿಯ ತಲೆಗೆ ಸಿಕ್ಕಿದೊಡನೆ ಅದೇ ಕಂಠ ‘ಏನ್ ಹಳೀ ಆಟ ಆಡಸ್ತಾನಪಾ ಇಂವಾ’ ಎಂದು ತರಬೇತುದಾರನತ್ತ ತಿರುಗುತ್ತದೆ. ಪ್ರೇರಣೆಗೂ ನಿಂದೆಗೂ ನಡುವೆ ಚೆಂಡು ಗಾಳಿಯಲ್ಲಿರುವ ಅವಧಿಗೆ ಖ್ಯಾತಿಗರ್ಭಕಾಲವೆಂದು ಹೆಸರು. ಆ ಕಾಲದಲ್ಲಿ ತರಬೇತುದಾರ ಹಳಬನೂ ಅಲ್ಲ, ಹೊಸಬನೂ ಅಲ್ಲ, ಅನಿರ್ವಚನೀಯ. ಚೆಂಡು ಸ್ವಪಕ್ಷದವನ ಎದೆಗಿಳಿದರೆ ಅದೇ ಉಡ್ಡಯನ ‘ನೇರ ಆಟ’ವೆಂಬ ನವೀನ ಸಂಜ್ಞೆಗೆ ಪಾತ್ರವಾಗುತ್ತದೆ.

ಉದಾಹರಣೆ: 2006ರಿಂದ 2011ರವರೆಗೆ ಭಾರತ ತಂಡವನ್ನು ಪಳಗಿಸಿದ ಆಂಗ್ಲೇಯ ಬಾಬ್ ಹೌಟನ್. ಪೂರ್ವಪಕ್ಷ ಹೀಗೆ: ಅದೇ ನಾಲ್ಕು-ನಾಲ್ಕು-ಎರಡು, ಅದೇ ಎತ್ತರದ ಚೆಂಡು, 2011ರ ದೋಹಾ ಏಷ್ಯಾ ಕಪ್‌ನಲ್ಲಿ ಮೂರು ಪಂದ್ಯಗಳಿಗೆ 13 ಗೋಲು ತಿಂದದ್ದು ಸಾಕ್ಷಿ. ಉತ್ತರಪಕ್ಷ: 1984ರ ಬಳಿಕ ಆ ಕಪ್‌ನ ಮುಖ ಕಂಡದ್ದೇ ಈತನ ಕಾಲದಲ್ಲಿ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನವನ್ನು 4-1ರಿಂದ ಸೋಲಿಸಿ, ಸುನಿಲ್ ಛೆಟ್ರಿಯ ಮೂರು ಗೋಲುಗಳ ಬಲದಿಂದ ಪಡೆದ ಪ್ರವೇಶವದು. ಆ ಸಂಜೆ ಜೀರ್ಣತ್ವದ ಮಾತನ್ನು ಯಾರೂ ಎತ್ತಲಿಲ್ಲ. ಮೇಲಾಗಿ, 1974ರಲ್ಲಿ ಸ್ವೀಡನ್ನಿನ ಮಾಲ್ಮೋ ತಂಡಕ್ಕೆ ಹೋಗಿ, ಆಳಿಗೊಬ್ಬ ಕಾವಲೆಂಬ ಪದ್ಧತಿಯಿದ್ದಲ್ಲಿ ಕ್ಷೇತ್ರರಕ್ಷಣೆಯನ್ನು ಕಲಿಸಿದವ ಈತನೇ. 1979ರಲ್ಲಿ ಆ ತಂಡ ಯುರೋಪಿಯನ್ ಕಪ್ ಫೈನಲ್ ತಲುಪಿತು. ಸ್ವೀಡನ್ನಿನಲ್ಲಿ ಟೀಕೆಗೆ ಗುರಿಯಾದದ್ದು ಈ ಕ್ಷೇತ್ರರಕ್ಷಣೆಯ ಹೊಸತನ. ಇನ್ನು ನವ್ಯವೆಂದು ಮೆರೆಯುವ ಚುಟುಕು ಪಾಸಿನ ಗೋತ್ರ ಕೆದಕಿದರೆ ಅದು 1872ರ ಗ್ಲಾಸ್ಗೋಗೆ ಮುಟ್ಟುತ್ತದೆ. ವಯೋಮಾನದಲ್ಲಿ ಹೌಟನ್ನನ ಕ್ಷೇತ್ರರಕ್ಷಣೆಯೇ ಕಿರಿಯದು.

ನಿರ್ಣಯ: ವ್ಯೂಹಜನ್ಯ ಅಪವಾದ ಗ್ರಾಹ್ಯ, ಏಕೆಂದರೆ ಮೂರು ದಶಕ ಒಂದೇ ವ್ಯೂಹವನ್ನು ಹೊತ್ತು ತಿರುಗಿದ್ದು ನಿಜ. ಉಡ್ಡಯನಜನ್ಯ ಅಪವಾದ ಅಗ್ರಾಹ್ಯ. ಅದು ಚೆಂಡು ಇಳಿದ ಜಾಗದ ಗುಣ, ಹೊಡೆಸಿದವನ ಗುಣವಲ್ಲ.

ವೇಷಜನ್ಯದಲ್ಲಿ ಒಂದು ಸಂಕರಭೇದ ಉಳಿದಿದೆ. ಚಳಿಗಾಲದ ಬೆಳಗ್ಗೆ ಟ್ರ್ಯಾಕ್‌ಸೂಟಿನ ಮೇಲೆ ಸೊಲ್ಲಾಪುರಿ ಚಾದರ ಹೊದ್ದು ನಿಂತ ತರಬೇತುದಾರನ ಜೀರ್ಣತ್ವ ವೇಷಜನ್ಯವೋ, ಶೈತ್ಯಜನ್ಯವೋ? ಬಿಸಿಲೇರಿ ಚಾದರ ತೆಗೆದ ಮೇಲೂ ಖ್ಯಾತಿ ಉಳಿದರೆ ವೇಷಜನ್ಯ. ಚಾದರದೊಂದಿಗೆ ತೊಲಗಿದರೆ ಶೈತ್ಯಜನ್ಯ. ಚಾದರವನ್ನು ಮಡಚಿ ಬದಲಿ ಆಟಗಾರರ ಬೆಂಚಿನ ಮೇಲಿಟ್ಟರೆ, ಮೊದಲು ಅದರ ಮೇಲೆ ಕೂತ ಬದಲಿ ಆಟಗಾರನಿಗೆ ಸಂಕ್ರಾಂತ.