ಗೋಪುರಜ್ಜನ ಜೋಳಿಗೆ

ಲಿಂಕನ್‌ಶೈರಿನ ನೆಲ ದೋಸೆಕಾವಲಿಯಷ್ಟು ಸಪಾಟು. ಇಂಗ್ಲೆಂಡಿನ ಆ ಬಯಲಿನಲ್ಲಿ, ವಿದಮ್ ನದಿಯ ದಡದಲ್ಲಿ, 260 ಅಡಿಗೂ ಮಿಕ್ಕಿ ಎದ್ದು ನಿಂತವನು ಬಾಸ್ಟನ್ ಊರಿನ ಸೇಂಟ್ ಬೋಟಲ್ಫ್ ಚರ್ಚಿನ ಗೋಪುರ. ‘ಬಾಸ್ಟನ್ ಸ್ಟಂಪ್’ ಎಂದೇ ಪ್ರಸಿದ್ಧಿ. ಚರ್ಚಿನ ಕೆಲಸ ಶುರುವಾದದ್ದು 1309ರಲ್ಲಿ. ಗೋಪುರ ಮುಗಿಯುವಾಗ 16ನೇ ಶತಮಾನ ಕಾಲಿಟ್ಟಿತ್ತು. ಅಂದಿನಿಂದ ಈತನ ಹೆಸರಿನಲ್ಲಿ ಎತ್ತಿದ ಚಂದಾ ಅಷ್ಟಿಷ್ಟಲ್ಲ. ಜೀರ್ಣೋದ್ಧಾರದ ಒಳಗುಟ್ಟನ್ನು ಅನುಭವಸ್ಥರ ಬಾಯಿಂದಲೇ ಕೇಳೋಣವೆಂದು ಪತ್ರಿಕೆಯ ಪ್ರತಿನಿಧಿ ಹೋದ. ಅವನು ಪೆನ್ನು ತೆಗೆಯುವ ಮೊದಲೇ ಅಜ್ಜ ಬಾಯಿ ತೆರೆದ.

ಗೋಪುರ: ನಗದೋ, ಕಾರ್ಡೋ?

ಪ್ರತಿನಿಧಿ: ಅಜ್ಜಾರೇ, ನಾನು ಸಂದರ್ಶನಕ್ಕೆ ಬಂದವನು.

ಗೋಪುರ: ಹಾಗೆ ಹೇಳಿಕೊಂಡು ಬರುವವರೇ ಜಾಸ್ತಿ. ಕೂತುಕೋ ತಮ್ಮಾ, ಕೂರುವುದಕ್ಕೆ ಇನ್ನೂ ಶುಲ್ಕ ಹಾಕಿಲ್ಲ.

ಪ್ರತಿನಿಧಿ: ನಿಮ್ಮನ್ನು ಕಟ್ಟಿಸಲು ದುಡ್ಡು ಕೊಟ್ಟವರು ಯಾರು?

ಗೋಪುರ: ಕುರಿಗಳು. ಆ ಕಾಲದಲ್ಲಿ ಬಾಸ್ಟನ್ ಅಂದರೆ ಉಣ್ಣೆಯ ಬಂದರು. ಕುರಿಯ ಮೈಮೇಲಿದ್ದದ್ದು ಹಡಗು ಹತ್ತಿ ಫ್ಲಾಂಡರ್ಸಿಗೆ ಹೋಗುತ್ತಿತ್ತು, ವ್ಯಾಪಾರಿಯ ಲಾಭದಲ್ಲೊಂದು ಪಾಲು ದೇವರಿಗೆ ಬರುತ್ತಿತ್ತು. ನನ್ನ ಪಾಯವನ್ನೇ ಉಣ್ಣೆ ಮೂಟೆಗಳ ಮೇಲೆ ಹಾಕಿದ್ದಾರೆಂದು ಊರವರು ಕಥೆ ಹೇಳುತ್ತಾರೆ. ಇಂಜಿನಿಯರು ಒಪ್ಪುವುದಿಲ್ಲ, ಲೆಕ್ಕಪರಿಶೋಧಕ ಒಪ್ಪುತ್ತಾನೆ.

ಪ್ರತಿನಿಧಿ: ಉಣ್ಣೆ ಬಿಟ್ಟರೆ ಬೇರೆ ಆದಾಯ?

ಗೋಪುರ: ಪಾಪವಿತ್ತಲ್ಲ! ಇಲ್ಲಿದ್ದ ಮೇರಿಮಾತೆಯ ಸಂಘಕ್ಕೆ ಪಾಪವಿಮೋಚನಾ ಪತ್ರ ಹಂಚುವ ಪರವಾನಗಿ ರೋಮಿನಿಂದ ಸಿಕ್ಕಿತ್ತು. ಅದರ ನವೀಕರಣಕ್ಕೆ 1517-18ರ ಸುಮಾರಿಗೆ ಹೊರಟವನು ಥಾಮಸ್ ಕ್ರಾಮ್‌ವೆಲ್. ಬೇಟೆಗೆ ಹೋಗಿದ್ದ ಪೋಪರನ್ನು ದಾರಿಯಲ್ಲೇ ಕಾದು, ಮೂವರಿಂದ ಇಂಗ್ಲಿಷ್ ಹಾಡು ಹಾಡಿಸಿ, ಜೆಲ್ಲಿ ತಿನ್ನಿಸಿ, ಕೆಲಸ ಸಾಧಿಸಿಕೊಂಡನೆಂದು ಚರಿತ್ರೆಕಾರ ಜಾನ್ ಫಾಕ್ಸ್ ಬರೆದಿಟ್ಟಿದ್ದಾನೆ. ಅತ್ತ ಜರ್ಮನಿಯಲ್ಲಿ ಅದೇ 1517ರಲ್ಲಿ ಮಾರ್ಟಿನ್ ಲೂಥರ್ ಇಂಥ ಪತ್ರಗಳ ವ್ಯಾಪಾರದ ಮೇಲೆ ತಿರುಗಿಬಿದ್ದ. ಮುಂದೆ ಇದೇ ಕ್ರಾಮ್‌ವೆಲ್ ಎಂಟನೇ ಹೆನ್ರಿಯ ಮಂತ್ರಿಯಾಗಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. ನಿಧಿಸಂಗ್ರಹ ಸಮಿತಿಯಲ್ಲಿ ದುಡಿದ ಅನುಭವ ಎಲ್ಲೂ ದಂಡವಾಗುವುದಿಲ್ಲ ನೋಡು.

ಪ್ರತಿನಿಧಿ: ಅಮೆರಿಕದಿಂದಲೂ ಹಣ ಬಂದಿದೆಯಂತೆ?

ಈ ಪ್ರಶ್ನೆಗೆ ಅಜ್ಜನ ಎಂಟುಮೂಲೆಯ ಕಿರೀಟ ಇನ್ನಷ್ಟು ಸೆಟೆದಂತೆ ಪ್ರತಿನಿಧಿಗೆ ಕಂಡಿತು.

ಗೋಪುರ: ಜಾನ್ ಕಾಟನ್ ಎಂಬವನು 1612ರಿಂದ ಇಲ್ಲಿ ಪಾದ್ರಿ. ಪ್ಯೂರಿಟನ್ ಪಂಗಡದವನು, ಆಡಂಬರ ಆಗದವನು. ಅವನ ಕಾಲದಲ್ಲೇ, 1621ರಲ್ಲಿ, ಯಾರೋ ಒಳನುಗ್ಗಿ ಬಣ್ಣದ ಗಾಜು, ಪ್ರತಿಮೆ ಒಡೆದುಹಾಕಿದರು. ಕಡೆಗೆ ಮೇಲಿನ ಧರ್ಮನ್ಯಾಯಾಲಯದಿಂದ ವಿಚಾರಣೆಗೆ ಕರೆ ಬಂದಾಗ ಕಾಟನ್ ತಲೆಮರೆಸಿಕೊಂಡು, 1633ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹಡಗು ಹತ್ತಿದ. ಅವನು ಹೋಗಿ ಸೇರಿದ ಊರಿಗೆ 1630ರಲ್ಲೇ ನಮ್ಮೂರಿನ ಹೆಸರಿಟ್ಟಿದ್ದರು. 1850ರ ದಶಕದಲ್ಲಿ ಅವನ ನೆನಪಿನ ಪ್ರಾರ್ಥನಾಲಯಕ್ಕೆ, 1930ರ ದಶಕದ ಆರಂಭದಲ್ಲಿ ನನ್ನ ಮೈ ರಿಪೇರಿಗೆ, ಆ ಬಾಸ್ಟನ್ನಿನವರೇ ಕೈಹಿಡಿದರು. ಯಾರನ್ನಾದರೂ ಊರು ಬಿಟ್ಟು ಓಡಿಸುವಾಗ ವಿಳಾಸ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ರತಿನಿಧಿ: ನಿಮ್ಮದೇ ಸರ್ಕಾರ ಏನೂ ಕೊಡುವುದಿಲ್ಲವೇ?

ಗೋಪುರ: ಒಂದು ಕಾಲದಲ್ಲಿ ಚರ್ಚಿನ ದುರಸ್ತಿಗೆಂದು ಊರವರಿಂದ ಕಡ್ಡಾಯ ತೆರಿಗೆ ವಸೂಲಾಗುತ್ತಿತ್ತು. ಚರ್ಚಿಗೆ ಕಾಲಿಡದವರೂ ಕಟ್ಟಬೇಕು! 1868ರಲ್ಲಿ ಆ ಕಡ್ಡಾಯ ಹೋಯಿತು, ಹೋದದ್ದು ನ್ಯಾಯವೇ. ಈಗ ಗಾಡಿ ತಿರುಗಿದೆ. ರಿಪೇರಿ ಮಾಡಿಸಿದರೆ ನಾವೇ ಶೇ. 20 ವ್ಯಾಟ್ ಕೊಡಬೇಕು. ಅದನ್ನು ವಾಪಸು ಕೊಡುವ ಯೋಜನೆ 2001ರಲ್ಲಿ ಬಂತು. 2025ರ ಏಪ್ರಿಲ್‌ನಿಂದ ಅದಕ್ಕೂ ಕತ್ತರಿ ಬಿತ್ತು: ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್ ದಾಟುವ ಹಾಗಿರಲಿಲ್ಲ, ದೇಶಕ್ಕೆಲ್ಲ ಇಟ್ಟ ಮೊತ್ತ 4.2 ಕೋಟಿ ಪೌಂಡಿನಿಂದ 2.3 ಕೋಟಿಗೆ ಇಳಿಯಿತು. ನಾನು ನಿಂತಿರುವುದು ರಾಷ್ಟ್ರದ ಹೆಮ್ಮೆ. ನನ್ನ ಕಲ್ಲು ಸಡಿಲವಾಗುವುದು ನನ್ನ ಖಾಸಗಿ ವಿಷಯ.

ಪ್ರತಿನಿಧಿ: ಹಾಗಾದರೆ ದುಡ್ಡು ಎಬ್ಬಿಸುವುದು ಹೇಗೆ?

ಗೋಪುರ: ಇಂಗ್ಲೆಂಡಿನ ಚರ್ಚುಗಳ ಪಂಚಾಂಗ ಒಂದೇ. ಕೇಕ್ ಮಾರಾಟ, ಹಳೆಬಟ್ಟೆ ಮಾರಾಟ, ಲಾಟರಿ ಚೀಟಿ, ಬೇಸಿಗೆಯ ಜಾತ್ರೆ. ಧೈರ್ಯವಿದ್ದವರು ಹಗ್ಗ ಕಟ್ಟಿಕೊಂಡು ಗೋಪುರದಿಂದ ಕೆಳಗಿಳಿಯುತ್ತಾರೆ, ನೋಡಿದವರು ದುಡ್ಡು ಕೊಡುತ್ತಾರೆ. ಮಧ್ಯಯುಗದಲ್ಲಿ ಚರ್ಚಿನವರೇ ಬಿಯರ್ ಕಾಯಿಸಿ ಮಾರುತ್ತಿದ್ದರು. ಈಗ ಟೀಗೆ ಇಳಿದಿದ್ದೇವೆ, ಭಕ್ತಿಯ ಬಿಸಿ ಅಷ್ಟು ಕಡಿಮೆಯಾಗಿದೆ.

ಪ್ರತಿನಿಧಿ: ಆಧುನೀಕರಣಕ್ಕೂ ಇದರಲ್ಲೇ ಆಗಬೇಕೇ?

ಗೋಪುರ: ಆಗಲೇಬೇಕು. ಶೌಚಾಲಯ, ಅಡುಗೆಕೋಣೆ, ಗಾಲಿಕುರ್ಚಿಗೆ ಇಳಿಜಾರು ದಾರಿ, ಎಲ್ಲ ಚರ್ಚಿನವರದೂ ಇದೇ ಪಟ್ಟಿ. ಬೇಡವೆನ್ನಲಾಗದು, ಕಟ್ಟಿದವರು ಸ್ವರ್ಗದ ವ್ಯವಸ್ಥೆ ಮಾಡಿದರು, ಶೌಚಾಲಯ ಮರೆತರು. ಆದರೆ ನಾನು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. ಗೋಡೆಯಲ್ಲಿ ಕೊಳಾಯಿಗೆ ತೂತು ಕೊರೆಯಬೇಕೆಂದರೂ ಧರ್ಮಪ್ರಾಂತ್ಯದ ನ್ಯಾಯಾಧೀಶರ ಅಪ್ಪಣೆ ಬೇಕು. ಅದರ ಮೇಲೆ 2030ರೊಳಗೆ ಇಂಗಾಲದ ಲೆಕ್ಕ ಸೊನ್ನೆಗೆ ತರಬೇಕೆಂದು ನಮ್ಮ ಮಹಾಸಭೆ 2020ರಲ್ಲಿ ನಿರ್ಣಯ ಮಾಡಿದೆ. ಇಂಥ ಕಟ್ಟಡದಲ್ಲಿ ಬಿಸಿಗಾಳಿ ಬಿಟ್ಟರೆ ಅದು ಸೀದಾ ಮಾಡಿಗೇರುತ್ತದೆ. ಕೆಳಗೆ ಕೂತವರು ಕೋಟು ಬಿಚ್ಚುವುದಿಲ್ಲ.

ಪ್ರತಿನಿಧಿ: ಯಾವ ಕೆಲಸಕ್ಕೆ ದಾನಿಗಳು ಸಿಗುವುದು ಬಲುಕಷ್ಟ?

ಗೋಪುರ: ಮಾಡಿನ ಮಳೆನೀರು ಹರಿಯುವ ದೋಣಿಗೆ! ಬಣ್ಣದ ಗಾಜಿಗೆ ದಾನಿ ಸಿಗುತ್ತಾನೆ, ಗಂಟೆಗೆ ಸಿಗುತ್ತಾನೆ. ನನ್ನಲ್ಲಿ ವರ್ಷದ ದಿನಗಳಷ್ಟೇ, 365 ಮೆಟ್ಟಿಲಿವೆ ಎಂದು ಎಣಿಸಿದವರು ಹೇಳುತ್ತಾರೆ. ದಿನಕ್ಕೊಂದರಂತೆ ಹುಟ್ಟುಹಬ್ಬದವರ ಹೆಸರಿಗೆ ಹರಾಜು ಹಾಕಿದರೂ ಹೋದೀತು. ದೋಣಿಯಲ್ಲಿ ಕಟ್ಟಿಕೊಂಡ ಕೊಳೆತ ಎಲೆ ತೆಗೆಸಲು ಯಾರು ಕೊಡುತ್ತಾರೆ? ಆ ಎಲೆಯಿಂದಲೇ ನೀರು ನಿಲ್ಲುವುದು, ಗೋಡೆ ನೆನೆಯುವುದು, ತೊಲೆ ಕೊಳೆಯುವುದು, ಕೊನೆಗೆ ದೊಡ್ಡ ನಿಧಿಗೆ ಮನವಿ ಹೊರಡುವುದು. ಹಳೆ ಕಟ್ಟಡಗಳನ್ನು ನಿತ್ಯದ ಆರೈಕೆಯಿಂದ ಉಳಿಸಿಕೊಳ್ಳಿ ಎಂದು ವಿಲಿಯಂ ಮೋರಿಸ್ 1877ರಲ್ಲಿ ಒಂದು ಸಂಘವನ್ನೇ ಕಟ್ಟಿದ. ನಿತ್ಯದ ಆರೈಕೆಗೆ ಉದ್ಘಾಟನಾ ಸಮಾರಂಭವಿಲ್ಲ ತಮ್ಮಾ, ಅದೇ ತೊಂದರೆ.

ಪ್ರತಿನಿಧಿ: ನೆರೆಯೂ ಬಂದಿತ್ತಲ್ಲ?

ಗೋಪುರ: 2013ರ ಡಿಸೆಂಬರ್ 5ರ ರಾತ್ರಿ ಸಮುದ್ರ ಉಕ್ಕಿ ನದಿಯ ಮೂಲಕ ಚರ್ಚಿನೊಳಗೇ ಬಂತು. ಹಿಂದಿನ ನೆರೆಗಳ ಮಟ್ಟವನ್ನು ನನ್ನ ಬುಡದ ಗೋಡೆಯಲ್ಲಿ ಗುರುತು ಹಾಕಿದ್ದಾರೆ. ಯಾರ ಶಿಫಾರಸೂ ಇಲ್ಲದೆ ಈ ಗೋಡೆಯಲ್ಲಿ ಹೆಸರು ಬರೆಸಿಕೊಂಡದ್ದು ನೀರು ಮಾತ್ರ.

ಪ್ರತಿನಿಧಿ ಮುಜುಗರಪಟ್ಟು ಜೇಬಿಗೆ ಕೈಹಾಕಿದ.

ಗೋಪುರ: ತಡಿ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುತ್ತೀಯಾ? ಕಟ್ಟುವವರು ಒಂದು ಪೌಂಡ್ ಕೊಟ್ಟು ಫಾರಂ ತುಂಬಿದರೆ ಸರ್ಕಾರ ಅದಕ್ಕೆ 25 ಪೆನ್ಸ್ ಸೇರಿಸುತ್ತದೆ.

ಪ್ರತಿನಿಧಿ: ಇಲ್ಲ ಅಜ್ಜಾರೇ, ನಾನು ಬೆಂಗಳೂರಿನಲ್ಲಿ ಕಟ್ಟುವವನು.

ಗೋಪುರ: ಹಾಗಾದರೆ ನಿನ್ನ ಪೌಂಡಿಗೆ ಒಂದೇ ಪೌಂಡ್. ಪರವಾಗಿಲ್ಲ, ಹಾಕು. ದೋಣಿ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ.

ಪ್ರತಿನಿಧಿ ಐದು ಪೌಂಡಿನ ನೋಟನ್ನು ಡಬ್ಬಿಗೆ ಹಾಕಿದ. ಆಮೇಲೆ ಆಚೀಚೆ ನೋಡಿ, ದೋಣಿಯ ಪಕ್ಕದಲ್ಲಿ ಒಂದು ಸಣ್ಣ ಫಲಕ ಹಾಕಿಸುವುದಾದರೆ ತನ್ನ ಹೆಸರಿನ ಜೊತೆ ತಂದೆಯ ಹೆಸರೂ ಹಿಡಿಸೀತೇ ಎಂದು ಕೇಳಿದ.