ಮೋಡಕ್ಕ ಒರಲಿ ಹತ್ತೂದಿಲ್ಲ

ಬೇವೂರಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ಇಪ್ಪತ್ತಾರು ವರ್ಷ ಕಳೆದೆ. ಇಷ್ಟು ವರ್ಷ ನನ್ನ ಮಾನ ಕಾಯ್ದದ್ದು ಕಾರ್ಯದರ್ಶಿಯಲ್ಲ, ಆಡಳಿತ ಮಂಡಳಿಯಲ್ಲ, ಗೆದ್ದಲು. ನಮ್ಮ ಕಡೆ ಒರಲಿ ಅನ್ನುತ್ತೇವೆ. ಯಾರಾದರೂ ಹಳೇ ರಸೀದಿ ಕೇಳಿಕೊಂಡು ಬಂದರೆ, ಕಪಾಟಿನ ಕಡೆ ಕೈ ಮಾಡಿ, ಮುಖ ಸ್ವಲ್ಪ ಸಣ್ಣಗೆ ಮಾಡಿಕೊಂಡು, "ಒರಲಿ ಹತ್ಯಾವ್ರಿ" ಅಂದರೆ ಸಾಕು. ಅವರೂ ನಿಟ್ಟುಸಿರು ಬಿಟ್ಟು ಹೊರಡುತ್ತಿದ್ದರು. ಅವರ ಮನೆಯ ಜಂತಿಗೂ ಹತ್ತಿರುತ್ತಿದ್ದವಲ್ಲ.

ಹಾಗಂತ ನಾನು ರಸೀದಿ ಹುಡುಕುತ್ತಲೇ ಇರಲಿಲ್ಲ ಅಂತಲ್ಲ. ಯಾವ ರುಮಾಲಿನ ಯಾವ ಗಂಟಿನಲ್ಲಿ ಏನಿದೆ ಅಂತ ನನಗೊಬ್ಬನಿಗೇ ಗೊತ್ತು. ನಾನು ರಜೆ ಹಾಕಿದ ದಿನ ಸಂಘಕ್ಕೂ ರಜೆ. ಅಧ್ಯಕ್ಷರು ಐದು ವರ್ಷಕ್ಕೊಮ್ಮೆ ಬದಲಾದರು, ನಾನು ಬದಲಾಗಲಿಲ್ಲ.

ಈಗ ಫೈಲಿಗೆ ಕಡತ ಅನ್ನುತ್ತೇವೆ. ಮೂಲದಲ್ಲಿ ಕಡತ ಬಟ್ಟೆಯದು. ಅರಿವೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅಳಿಸಿದವರು ಯಾರು, ಯಾವಾಗ ಅಂತ ಕಡತ ಬಾಯಿ ಬಿಡುತ್ತಿರಲಿಲ್ಲ. ಅಂಥ ಮರ್ಯಾದಸ್ಥ ವಸ್ತುವನ್ನು ಮೂಲೆಗೆ ಹಾಕಿ ನಾವು ಏನು ಗಳಿಸಿದೆವೋ!

ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಿನಿಂದ ನಮ್ಮ ಗುಮಾಸ್ತ ಜಾತಿಯವರ ಸಂಸಾರ ಕಾಗದದ ಮೇಲೇ ನಡೆದಿತ್ತು. 2022ರ ಜೂನ್‌ನಲ್ಲಿ ಕೇಂದ್ರ ಸರಕಾರ ಒಟ್ಟು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ಹತ್ತಿಸುವುದೆಂದು ಠರಾವು ಮಾಡಿತು. ಅದರ ಬಿಸಿ ನಮಗೆ ತಟ್ಟಲು ತಡವಾಯಿತು, ತಪ್ಪಲಿಲ್ಲ. ಬಾಗಲಕೋಟೆ ನವನಗರದಲ್ಲಿ ತರಬೇತಿ ಅಂತ ಕರೆ ಬಂತು. ಕಲಿಸುವ ಹುಡುಗನಿಗೆ ಮೀಸೆ ಈಗಷ್ಟೇ ಚಿಗುರಿತ್ತು.

"ಲೆಕ್ಕ ಎಲ್ಲಾ ಇನ್ನ ಕ್ಲೌಡಿನಾಗ ಇರತೈತ್ರಿ. ಕ್ಲೌಡ್ ಅಂದ್ರ ಮೋಡ."

ಹಿಂದಿನ ಬೆಂಚಿನಿಂದ ಒಬ್ಬರು, "ತಮ್ಮಾ, ಮೋಡ ನಂಬಿ ಸಾಲ ಕೊಟ್ಟೇ ನಮ್ಮ ಸಂಘ ಈ ಗತಿಗೆ ಬಂದೈತಿ" ಅಂದರು. ಆ ಹುಡುಗ ನಗಲಿಲ್ಲ. ಬೇರೆ ಯಾರದೋ ಕಂಪ್ಯೂಟರಿನಲ್ಲಿ ನಮ್ಮ ಲೆಕ್ಕ ಇಡುವುದು ಅಂತ ಬಿಡಿಸಿ ಹೇಳಿದ. ಬಾಡಿಗೆ ಎಷ್ಟು ಅಂದೆ. ಗೂಗಲ್ಲಿನಲ್ಲಿ 15 ಜಿಬಿ ತನಕ ಪುಕ್ಕಟೆಯಂತೆ. ಪುಕ್ಕಟೆ ಅಂದ ಕೂಡಲೇ ನನಗೆ ಸಂಶಯ ಹತ್ತಿತು.

ಮೊದಲ ವಾರ ಸೇವ್ ಗುಂಡಿ ಹುಡುಕುವುದರಲ್ಲಿ ಹೋಯಿತು. ಅದು ತಾನೇ ಸೇವ್ ಆಗುತ್ತದಂತೆ. ನನಗೆ ನಂಬಿಕೆಯಿಲ್ಲ, ದಿನಾ ಸಂಜೆ ಎಲ್ಲವನ್ನೂ ಪ್ರಿಂಟ್ ತೆಗೆದು ಕಪಾಟಿನಲ್ಲಿಡುತ್ತಿದ್ದೆ. ಎರಡನೇ ವಾರ ಮಹಾಸಭೆಯ ನೋಟಿಸು. ಹಳೇ ನುಡಿ ತಂತ್ರಾಂಶದಲ್ಲಿ ನನ್ನ ಬೆರಳು ಕುದುರೆಯ ಹಾಗೆ ಓಡುತ್ತವೆ. ಎಫ್ ಒತ್ತಿ ಒತ್ತಕ್ಷರ ಇಳಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಲ್ಲಿ ಹೊಡೆದದ್ದನ್ನು ಎತ್ತಿ ಗೂಗಲ್ ಡಾಕ್ಸಿಗೆ ಅಂಟಿಸಿದರೆ ಒಂದೊಂದು ಅಕ್ಷರವೂ ತಲೆಗೆ ಟೊಪ್ಪಿಗೆ ಇಟ್ಟುಕೊಂಡ ಇಂಗ್ಲಿಷಾಗಿ ನಿಂತಿತು. ಹಳೇ ನುಡಿ ಇಂಗ್ಲಿಷಿನ ಮನೆಯಲ್ಲಿ ಕನ್ನಡದ ವೇಷ ಹಾಕಿ ಕೂತಿತ್ತಂತೆ. ಯುನಿಕೋಡಿನಲ್ಲಿ ಮಾತ್ರ ಕನ್ನಡಕ್ಕೆ ಸ್ವಂತ ಮನೆ. ನೋಟಿಸನ್ನು ನೋಡದೆ ಹಾಗೇ ಕಳಿಸಿಬಿಟ್ಟೆ. ಸಭೆಗೆ ಬಂದವರು ನಾಲ್ಕು ಮಂದಿ, ಅವರೂ ನೋಟಿಸು ಓದಲು ಬಾರದವರು.

ಇವೆಲ್ಲ ನಡೆದೀತು. ನಡೆಯದ್ದು ಸಾಲದ ಬಾಕಿ ಪಟ್ಟಿ.

ಲಿಂಕಿಗೆ ಕನ್ನಡದಲ್ಲಿ ಕೊಂಡಿ ಅನ್ನುತ್ತಾರೆ. ಇಳಕಲ್ಲಿನ ನೇಕಾರರಿಗೂ ಆ ಮಾತು ಗೊತ್ತು: ಮೂರು ಲಾಳಿ ಆಡಿಸಿ ಸೀರೆಯ ಒಡಲಿಗೆ ಅಂಚನ್ನು ಹೆಣೆಯುವುದು ಕೊಂಡಿ. ಕೊಂಡಿ ತಪ್ಪಿದರೆ ಅಂಚು ಒಂದು ದಿಕ್ಕು, ಒಡಲು ಒಂದು ದಿಕ್ಕು. ನಾನು ಬಾಕಿ ಪಟ್ಟಿಯ ಗೂಗಲ್ ಶೀಟಿನಲ್ಲಿ ಮಾಡಿದ್ದು ಅದನ್ನೇ. ಹೆಸರುಗಳು ಅಕಾರಾದಿಯಾಗಿ ಇದ್ದರೆ ಚಂದ ಅನಿಸಿತು. ಹೆಸರಿನ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಕೊಟ್ಟೆ. ಹೆಸರುಗಳು ಶಿಸ್ತಾಗಿ ಸಾಲು ನಿಂತವು. ಮುಂದಿನ ಬಾಕಿ ಮಾತ್ರ ಇದ್ದಲ್ಲೇ ಇತ್ತು. ಅಂದವಾದ ಆ ಪಟ್ಟಿಯ ಕೊಂಡಿಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ ಊಟಕ್ಕೆ ಹೋದೆ.

ರೊಟ್ಟಿ ಮುರಿಯುವಷ್ಟರಲ್ಲಿ ಫೋನು ಬಡಿದುಕೊಳ್ಳಲು ಹತ್ತಿತು. ಹತ್ತು ವರ್ಷದಿಂದ ಬಾಕಿ ಉಳಿಸಿಕೊಂಡ ಗೌಡರ ಮುಂದೆ ಸೊನ್ನೆ. ಎಂದೂ ಸಾಲದ ಮೆಟ್ಟಿಲು ಹತ್ತದ ಅಜ್ಜಿಯ ಮುಂದೆ ಎರಡು ಲಕ್ಷ. ಅಧ್ಯಕ್ಷರ ಬಾಕಿ ಅವರ ಎದುರಾಳಿಗೆ, ಎದುರಾಳಿಯದು ಅಧ್ಯಕ್ಷರಿಗೆ. ಇಬ್ಬರೂ ಮೊದಲ ಸಲ ಒಂದೇ ಜೀಪಿನಲ್ಲಿ ಬಂದರು. ಗೌಡರು ಮಾತ್ರ ಪೇಡೆ ತಂದಿದ್ದರು.

ಇಪ್ಪತ್ತಾರು ವರ್ಷದ ರೂಢಿ ನೋಡಿ, ಬಾಯಿ ತಾನೇ ತೆರೆಯಿತು: "ಅದು... ಒರಲಿ..."

"ಮೋಡಕ್ಕ ಒರಲಿ ಹತ್ತೂದಿಲ್ರೀ ಕಾಕಾ" ಅಂತ ನಮ್ಮ ಆಫೀಸಿನ ಬಿಕಾಂ ಹುಡುಗಿ ವರ್ಷನ್ ಹಿಸ್ಟರಿ ತೆಗೆದಳು. ಅಲ್ಲಿ ನನ್ನ ಹೆಸರು, ಅದಕ್ಕೊಂದು ಬಣ್ಣ, ಮಧ್ಯಾಹ್ನ 1:52 ಅಂತ ಹೊತ್ತು. ಅದರ ಹಿಂದಿನ ಸಾಲಿಗೆ ಒತ್ತಿ ಹಳೇ ಪಟ್ಟಿಯನ್ನು ಹಾಗೇ ಮರಳಿ ತಂದಳು. ಗೌಡರು ಪೇಡೆ ಡಬ್ಬಿಯ ಮುಚ್ಚಳ ಹಾಕಿದರು.

ಮರುದಿನ ಶೀಟು ತೆರೆದರೆ ಮೇಲ್ಗಡೆ ಯಾರದೋ ಮುಖ: ಅನಾನಿಮಸ್ ಆಂಟ್‌ಈಟರ್. ನಮ್ಮ ಸದಸ್ಯರಲ್ಲಿ ಈ ಅಡ್ಡಹೆಸರಿನವರು ಇಲ್ಲ. ಹುಡುಗಿಯನ್ನು ಕರೆದೆ. ಹೆಸರು ಹೇಳದೆ ಕೊಂಡಿ ಹಿಡಿದು ಒಳಗೆ ಬಂದವರಿಗೆ ಗೂಗಲ್ ಒಂದೊಂದು ಪ್ರಾಣಿಯ ಹೆಸರು ಕೊಡುತ್ತದಂತೆ.

"ಇದು ಯಾವ ಪ್ರಾಣಿ ಬೇ?"

ಅವಳು ಫೋನಿನಲ್ಲಿ ನೋಡಿ, "ಇರವಿ, ಒರಲಿ ತಿಂತೈತ್ರಿ" ಅಂದಳು.

ಸದಸ್ಯರಲ್ಲಿ ಒಂದು ವಿನಂತಿ: ಈಚಿನ ಲೆಕ್ಕಕ್ಕೆ ಆ ಹುಡುಗಿಯನ್ನು ಕಾಣಿರಿ. 2011ಕ್ಕಿಂತ ಹಿಂದಿನ ರಸೀದಿ ಬೇಕಾದವರು ಮಾತ್ರ ನನ್ನ ಟೇಬಲ್ಲಿಗೆ ಬರಬೇಕು. ಅವು ಇನ್ನೂ ಕಪಾಟಿನಲ್ಲೇ ಇವೆ.